ಶಿಲಾಭೇದನದಲ್ಲಿ ಸೂಕ್ಷ್ಮಕೀಲಕಣಗಳ ವಿಚಾರ

ಪಂಚತಂತ್ರದ ಮೊದಲನೆಯ ತಂತ್ರದಲ್ಲಿ ಕೀಲನ್ನು ಕಿತ್ತ ಕೋತಿಯ ಕಥೆಯೊಂದುಂಟು. ಬಡಗಿಗಳು ದೊಡ್ಡ ದಿಮ್ಮಿಯೊಂದನ್ನು ಅರ್ಧಕ್ಕೆ ಸೀಳಿ, ಸೀಳು ಮರಳಿ ಕೂಡಿಕೊಳ್ಳದಂತೆ ನಡುವೆ ಆಪನ್ನು ಬಡಿದು ಊಟಕ್ಕೆ ಹೋಗಿದ್ದರು. ಕೋತಿಯು ಸೀಳಿನ ಮೇಲೆ ಕುಳಿತು ಆ ಆಪನ್ನು ಅಲ್ಲಾಡಿಸಿ ಕಿತ್ತಿತು, ಕಿತ್ತ ಕ್ಷಣದಲ್ಲಿಯೇ ಮರದ ಹೋಳುಗಳೆರಡೂ ಒಂದನ್ನೊಂದು ಕಚ್ಚಿಕೊಂಡುವು, ಕೋತಿಯು ಮಡಿಯಿತು. ತನಗೆ ಸಲ್ಲದ ಕೆಲಸಕ್ಕೆ ಕೈಹಾಕಬಾರದೆಂಬ ನೀತಿಯನ್ನು ಬೋಧಿಸುವುದಕ್ಕಾಗಿ ಗ್ರಂಥಕಾರನು ಈ ಕಥೆಯನ್ನು ತಂದಿದ್ದಾನೆ. ಪ್ರಕೃತ ಲೇಖನಕ್ಕೆ ಆ ನೀತಿಯಿಂದ ಪ್ರಯೋಜನವಿಲ್ಲ. ಆಪಿನಿಂದ ಬಹಳ ಪ್ರಯೋಜನವುಂಟು.

ಭೂಮಿಯೊಳಗೆ ಒಂದೆರಡು ಮೈಲಿ ಆಳದಲ್ಲಿರುವ ಶಿಲೆಯನ್ನು ನೀರಿನ ಒತ್ತಡದಿಂದ ಸೀಳಿ, ಅದರಲ್ಲಿ ಅಡಗಿರುವ ತೈಲವನ್ನೂ ಅನಿಲವನ್ನೂ ಮೇಲಕ್ಕೆ ತರುವ ವಿಧಾನಕ್ಕೆ ಹೈಡ್ರಾಲಿಕ್ ಫ್ರಾಕ್ಚರಿಂಗ್ ಎಂದು ಹೆಸರು. ಇದನ್ನು ಜಲಭೇದನವೆಂದು ಕರೆಯೋಣ. ಪಂಪುಗಳು ಒತ್ತುತ್ತಿರುವವರೆಗೆ ಸೀಳು ಬಾಯ್ದೆರೆದಿರುವುದು. ಪಂಪುಗಳು ನಿಂತು ಒತ್ತಡವು ಇಳಿದೊಡನೆ ಸುತ್ತಣ ಶಿಲೆಯ ಭಾರವು ಅದನ್ನು ಮುಚ್ಚಲು ತೊಡಗುವುದು. ಆದಕಾರಣ ನೀರಿನೊಡನೆ ಮರಳನ್ನೂ ಕಳುಹಿಸುವರು. ನೀರು ಹಿಂದಕ್ಕೆ ಬಂದರೂ ಮರಳು ಅಲ್ಲಿಯೇ ನಿಂತು ಸೀಳಿನ ಎರಡು ಗೋಡೆಗಳನ್ನು ಬೇರೆಯಾಗಿ ಹಿಡಿದಿರುವುದು. ಈ ಮರಳಿಗೆ ಇಂಗ್ಲಿಷಿನಲ್ಲಿ ಪ್ರಾಪಂಟ್ ಎನ್ನುವರು. ಬಡಗಿಗಳ ಕೀಲು ಮಾಡುತ್ತಿದ್ದ ಕೆಲಸವೇ ಇದಾದುದರಿಂದ ಕೀಲಕಣವೆಂಬ ಹೆಸರು ಇದಕ್ಕೆ ಒಪ್ಪುವುದು. ಆಪುಮರಳು ಎಂದಿದ್ದರೆ ಅಚ್ಚಗನ್ನಡವಾಗುತ್ತಿತ್ತು, ಅದು ನನಗೂ ಇಷ್ಟವೇ. ಆದರೆ ಮರಳಲ್ಲದ ಪದಾರ್ಥಗಳನ್ನೂ ಇದಕ್ಕಾಗಿ ಬಳಸುತ್ತಿರುವುದರಿಂದ ಕಣವೆಂಬ ಸಾಮಾನ್ಯಶಬ್ದವನ್ನು ಹಿಡಿಯಬೇಕಾಯಿತು.

ಈ ಕೀಲಕಣಗಳು ಎಷ್ಟು ಚಿಕ್ಕವಾಗಿರಬಹುದೆಂಬುದೇ ಇಲ್ಲಿಯ ಪ್ರಶ್ನೆ. ಕಣವು ದೊಡ್ಡದಾದಷ್ಟೂ ದಾರಿ ಅಗಲವಾಗುವುದೆಂದು ಬಹುಕಾಲ ಎಲ್ಲರೂ ನಂಬಿದ್ದರು. ಈಗ ಸುಮಾರು ಒಂದು ದಶಕಕ್ಕಿಂತ ಹೆಚ್ಚಿನ ಕಾಲದಿಂದ ವಸ್ತ್ರಗಾಲಿತವಾದ ಚೂರ್ಣದಂತಿರುವ ಕಣಗಳನ್ನು ಬುದ್ಧಿಪೂರ್ವಕವಾಗಿ ಕಳುಹಿಸುವ ಪದ್ಧತಿಯು ಅಮೆರಿಕದಲ್ಲಿ ಹುಟ್ಟಿದೆ. ಹಿಂದಿನವರು ಯಾವುದನ್ನು ಕಸವೆಂದು ಜರಡಿಯಿಂದ ಹೊರಗೆ ಹಾಕುತ್ತಿದ್ದರೋ ಅದನ್ನು ಇಂದಿನವರು ಬೆಲೆಕೊಟ್ಟು ತರಿಸುತ್ತಿರುವರು. ಇದು ವಿವೇಕವೋ ಅಥವಾ ವ್ಯಾಪಾರಿಗಳ ಮಾತೋ ಎಂಬುದನ್ನು ವಿಚಾರಿಸತಕ್ಕದ್ದು.

ಮೊದಲು ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. 1860ರ ದಶಕದಲ್ಲಿಯೇ ಪೆನ್ಸಿಲ್ವೇನಿಯದಲ್ಲಿ ರಾಬರ್ಟ್ಸ್ ಎಂಬಾತನು ತೈಲಕೂಪಗಳಲ್ಲಿ ಸಿಡಿಮದ್ದನ್ನು ಸಿಡಿಸಿ ಶಿಲೆಯನ್ನು ಬಿರಿಯಿಸುತ್ತಿದ್ದನು. ದ್ರವದ ಒತ್ತಡದಿಂದ ಸೀಳುವ ಮೊದಲ ಪ್ರಯೋಗವು 1947ರಲ್ಲಿ ಕಾನ್ಸಾಸ್ ಸಂಸ್ಥಾನದ ಹ್ಯೂಗೋಟನ್ ಎಂಬ ಅನಿಲಕ್ಷೇತ್ರದಲ್ಲಿ ನಡೆಯಿತು. ಅಂದು ನೀರನ್ನು ಬಳಸಲಿಲ್ಲ; ನೇಪಾಮಿನಿಂದ ಮಂದಗೊಳಿಸಿದ ಸಾವಿರ ಗ್ಯಾಲನ್ ಪೆಟ್ರೋಲನ್ನು 2,400 ಅಡಿಗಳ ಆಳದ ಸುಣ್ಣಶಿಲೆಗೆ ಒತ್ತಿದರು. ಅನಿಲದ ಹರಿವು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಆದರೂ ಅವರು ಕೈಬಿಡದೆ 1949ನೆಯ ಮಾರ್ಚಿ 17ನೆಯ ತಾರೀಖು ಓಕ್ಲಹೋಮದಲ್ಲೊಂದು, ಟೆಕ್ಸಾಸಿನಲ್ಲೊಂದು ಕೂಪವನ್ನು ಸೀಳಿದರು. ಅಂದು ಒಂದೊಂದು ಕೂಪಕ್ಕೂ ಹಿಡಿದ ಮರಳು 100ರಿಂದ 150 ಪೌಂಡು, ಎಂದರೆ ಒಂದು ಗೋಣಿಚೀಲದಷ್ಟು. ಮೊದಲು ಜರಡಿಯಾಡಿಸಿದ ಹೊಳೆಯ ಮರಳನ್ನೂ, ಅನಂತರ ಮನೆಕಟ್ಟುವ ಮರಳನ್ನು ಕಿಟಕಿಗಳಿಗೆ ಹಾಕುವ ಜಾಲರಿಯಲ್ಲಿ ಜಾಲಿಸಿಕೊಂಡದ್ದನ್ನೂ ಬಳಸಿದರೆಂದು ಈ ವಿದ್ಯೆಯ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಇಂದು ಟೆಕ್ಸಾಸಿನ ಒಂದು ಅಡ್ಡಕೂಪಕ್ಕೆ ಸಾವಿರಾರು ಟನ್ನು ಮರಳೂ ಕೋಟಿಗಟ್ಟಲೆ ಲೀಟರು ನೀರೂ ವ್ಯಯವಾಗುವುವು.

ಕಿಟಕಿಯ ಜಾಲರಿಯ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಷಯವನ್ನು ಹೇಳಿ ಮುಂದುವರಿಯುವೆನು. ಮನುಸ್ಮೃತಿಯಲ್ಲಿ ತೂಕಗಳನ್ನು ಹೇಳುವಾಗ, ಜಾಲಂದ್ರದೊಳಗಿಂದ ಬಂದ ಬಿಸಿಲಿನಲ್ಲಿ ತೋರುವ ಧೂಳಿಯ ಕಣವೇ ಮೊದಲನೆಯ ಮಾನವೆಂದೂ, ಅದಕ್ಕೆ ತ್ರಸರೇಣುವೆಂದು ಹೆಸರೆಂದೂ, ಅಂಥ ಎಂಟು ಸೇರಿದರೆ ಲಿಕ್ಷೆಯೆಂದೂ, ಮೂರು ಲಿಕ್ಷೆಗಳಿಗೆ ಒಂದು ಕಪ್ಪುಸಾಸಿವೆಯೆಂದೂ ಹೇಳಿದೆ. ಎಂದರೆ ಒಂದು ಸಾಸಿವೆಗೆ 24 ತ್ರಸರೇಣುಗಳು. ಇದನ್ನು ಅಕ್ಷರಶಃ ಗಣಿತಕ್ಕೆ ಇಳಿಸಿದರೆ ತ್ರಸರೇಣುವಿನ ಅಡ್ಡಳತೆಯು ಸಾಸಿವೆಯ ಮೂರನೆಯ ಒಂದು ಪಾಲಿಗೆ ಹತ್ತಿರವಾಗಿ, ಸುಮಾರು ಅರ್ಧ ಮಿಲಿಮೀಟರಾಗುವುದು. ಅದು ಧೂಳಿಯಲ್ಲ, ಒಳ್ಳೆಯ ಮರಳು. ಜಲಭೇದನಕಾರರು ವಾಡಿಕೆಯಾಗಿ ಬಳಸುತ್ತಿದ್ದ ಮರಳಿನ ಗಾತ್ರವೂ ಅದೇ. ಬಿಸಿಲುಕೋಲಿನಲ್ಲಿ ನಿಜವಾಗಿ ಆಡುವ ಕಣಗಳಾದರೋ ಇದಕ್ಕಿಂತ ಎಷ್ಟೋ ಪಾಲು ಸಣ್ಣವು. ಆದುದರಿಂದ ಅಲ್ಲಿಯ ಮಾನವು ವ್ಯವಹಾರಕ್ಕಾಗಿ ಕಲ್ಪಿಸಿದ್ದೆಂದೇ ತಿಳಿಯಬೇಕು. ಆದರೆ ಮರಳು, ಧೂಳಿ ಇವೆರಡರ ನಡುವಣ ಅಂತರವೇ ನಮ್ಮ ವಿಚಾರದ ಜೀವಾಳವಾದುದರಿಂದ ಈ ಲೆಕ್ಕವು ಇಲ್ಲಿ ವ್ಯರ್ಥವಾಗಲಾರದು.

ಜರಡಿಯ ಗಣನೆ ಹೀಗಿದೆ. ಒಂದು ಅಂಗುಲ ಉದ್ದದಲ್ಲಿ ಎಷ್ಟು ಕಣ್ಣುಗಳಿರುವುವೋ ಅದೇ ಜರಡಿಯ ಸಂಖ್ಯೆ. 20 ಕಣ್ಣಿನ ಜರಡಿಯಲ್ಲಿ ಇಳಿದು 40 ಕಣ್ಣಿನದರಲ್ಲಿ ನಿಲ್ಲುವ ಮರಳು 0.85ರಿಂದ 0.425 ಮಿಲಿಮೀಟರಿನವರೆಗಿನದು, ಇದೇ ಬಹುಕಾಲದ ವಾಡಿಕೆಯ ಮರಳು. 70ರಲ್ಲಿ ಇಳಿದು 140ರಲ್ಲಿ ನಿಲ್ಲುವುದನ್ನು ಸಾಮಾನ್ಯವಾಗಿ ನೂರರ ಮರಳೆನ್ನುವರು. ಅದರ ಗಾತ್ರ 212ರಿಂದ 106 ಮೈಕ್ರಾನು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನೆಂದು ಹೆಸರು. ಇದಕ್ಕೂ ಕೆಳಗಿನವು, ವಿಶೇಷವಾಗಿ 325 ಕಣ್ಣಿನ ಜರಡಿಯಲ್ಲಿಯೂ ಇಳಿದುಹೋಗುವ, ಎಂದರೆ ಸುಮಾರು 45 ಮೈಕ್ರಾನಿಗಿಂತ ಕಿರಿದಾದ ಕಣಗಳನ್ನು ನಾವು ಸೂಕ್ಷ್ಮಕೀಲಕಣಗಳೆಂದು ಕರೆಯುತ್ತೇವೆ. ಮುಂದಿನ ಲೆಕ್ಕಗಳಿಗೆಲ್ಲ 30 ಮೈಕ್ರಾನಿನ ಕಣವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ.

ಇನ್ನು ಶಿಲೆಯ ಸ್ವಭಾವ. 1856ರಲ್ಲಿ ಫ್ರಾನ್ಸಿನ ಡಿಜೋನ್ ಪಟ್ಟಣದ ನೀರುಸರಬರಾಯಿಯ ವಿಷಯವಾಗಿ ಗ್ರಂಥವನ್ನು ಬರೆದ ಹೆನ್ರಿ ಡಾರ್ಸಿಯೆಂಬ ಎಂಜಿನಿಯರನು, ಮರಳಿನ ಮೂಲಕ ನೀರು ಜಿನುಗುವ ನಿಯಮವನ್ನು ಕಂಡುಹಿಡಿದನು. ಶಿಲೆಯು ದ್ರವಕ್ಕೆ ಎಷ್ಟರಮಟ್ಟಿಗೆ ದಾರಿಕೊಡುವುದೆಂಬುದನ್ನು, ಎಂದರೆ ಅದರ ಪಾರಗಮ್ಯತೆಯನ್ನು, ಆತನ ಹೆಸರಿನ ಮಾನದಿಂದಲೇ ಅಳೆಯುವರು. ಒಳ್ಳೆಯ ತೈಲಶಿಲೆಯ ಪಾರಗಮ್ಯತೆಯು ಡಾರ್ಸಿಯ ಹತ್ತನೆಯ ಒಂದು ಪಾಲೋ, ಅದಕ್ಕೂ ಹೆಚ್ಚೋ ಇರುವುದು. ಡಾರ್ಸಿಯ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಾದರೆ ಅದನ್ನು ಬಿಗಿಶಿಲೆಯೆನ್ನುವರು. ಶೇಲ್ ಎಂಬ ಪದರುಗಲ್ಲಿನಲ್ಲಿಯಾದರೋ ಇದು ಡಾರ್ಸಿಯ ಕೋಟಿಯ ಒಂದು ಪಾಲಿಗೂ ಇಳಿಯುವುದುಂಟು. ಇಂಥ ಕಲ್ಲಿನಲ್ಲಿ ತೈಲವಿದ್ದರೂ ಅದು ಲೋಭಿಯ ಪೆಟ್ಟಿಗೆಯಲ್ಲಿರುವ ಹಣದಂತೆ, ಉಂಟು ಆದರೆ ಬಾರದು. ಸೀಳು ಹತ್ತಿರಕ್ಕೆ ಬಂದರೆ ಮಾತ್ರ, ನಾಲ್ಕಾರು ಗೇಣು ದೂರದೊಳಗಿನ ತೈಲವು ಮೆಲ್ಲಮೆಲ್ಲನೆ ಅದಕ್ಕೆ ಸೇರುವುದು. ಆದುದರಿಂದ ಬಿಗಿಶಿಲೆಯಲ್ಲಿ ಒಂದು ಹೆದ್ದಾರಿಗಿಂತ ನೂರಾರು ಕಾಲುದಾರಿಗಳು ಮೇಲು.

ಕಾಲುದಾರಿಗಳು ಇಲ್ಲದಿಲ್ಲ. ಇಂಥ ಶಿಲೆಗಳಲ್ಲಿ ಅನಾದಿಯಿಂದ ಸಣ್ಣಸಣ್ಣ ಬಿರುಕುಗಳಿರುವುವು. ಬಹಳ ಕಡೆ ಅವು ಸುಣ್ಣದ ಖನಿಜದಿಂದ ಬೆಸೆದುಕೊಂಡಿರುವುವು. ದೊಡ್ಡ ಸೀಳು ಹಾದುಹೋಗುವಾಗ ನೀರು ಇವುಗಳೊಳಕ್ಕೂ ನುಗ್ಗಿ ಬಾಯಿ ಬಿಡಿಸುವುದು. ಆದರೆ ಇವುಗಳ ಅಗಲವು ಬಹುಕಡೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೇ. ಕಣವೊಂದು ಸೀಳಿನೊಳಕ್ಕೆ ಅಡೆತಡೆಯಿಲ್ಲದೆ ಹೋಗಬೇಕಾದರೆ ಸೀಳಿನ ಅಗಲವು ಕಣದ ಅಡ್ಡಳತೆಯ ಎರಡು ಮೂರು ಪಾಲಾದರೂ ಇರಬೇಕು. ಇಲ್ಲವಾದರೆ ಎರಡು ಮೂರು ಕಣಗಳು ಒಂದಕ್ಕೊಂದು ತೋಳುಕೊಟ್ಟು ಬಾಗಿಲಿನಲ್ಲಿಯೇ ಕಮಾನುಕಟ್ಟಿ ನಿಲ್ಲುವುವು. ಜಾತ್ರೆಯ ದಿನ ದೇವಸ್ಥಾನದ ದಿಡ್ಡಿಬಾಗಿಲಿನಲ್ಲಿ ಮೂವರು ಒಟ್ಟಿಗೆ ನುಗ್ಗಿದರೆ ಆಗುವಂತೆಯೇ ಇದು. ಈ ನಿಯಮದಂತೆ ವಾಡಿಕೆಯ ಮರಳಿಗೆ ಒಂದೂವರೆ ಮಿಲಿಮೀಟರಿನ ಸೀಳು ಬೇಕು, ನೂರರ ಮರಳಿಗೂ ಸುಮಾರು 0.4 ಮಿಲಿಮೀಟರು ಬೇಕು. 30 ಮೈಕ್ರಾನಿನ ಕಣವು ಮಾತ್ರ 0.1 ಮಿಲಿಮೀಟರಿನ ಕವಲಿಗೆ ಹೋಗಬಲ್ಲುದು. ಕವಲಿನಲ್ಲಿ ಕೀಲಿಲ್ಲದಿದ್ದರೆ ಪಂಪು ನಿಂತ ಕೆಲವು ದಿನಗಳಲ್ಲಿಯೇ ಕೋತಿಯ ಕಥೆಯ ದಿಮ್ಮಿಯಂತೆ ಅದು ಮುಚ್ಚುವುದು. ಗೋಡೆಗಳು ತರಕಲಾಗಿದ್ದು ಸ್ವಲ್ಪ ಸರಿದು ಕುಳಿತಿದ್ದರೆ ಒಂದಿಷ್ಟು ಸಂದು ಉಳಿಯುವುದುಂಟು. ಮೆದುವಾದ ಶೇಲಿನಲ್ಲಿ ಅದೂ ಕ್ರಮೇಣ ಅಡಗುವುದು.

ಇದು ಊಹೆಯ ಮಾತಲ್ಲವೆಂಬುದಕ್ಕೆ ಪ್ರತ್ಯಕ್ಷಪ್ರಮಾಣವು ದೊರೆತಿದೆ. 2015-16ರ ಸುಮಾರಿನಲ್ಲಿ ಟೆಕ್ಸಾಸಿನ ರೇಗನ್ ಕೌಂಟಿಯಲ್ಲಿ, ಜಲಭೇದನವನ್ನು ಮಾಡಿದ ಶಿಲೆಯೊಳಕ್ಕೇ ಓರೆಯಾಗಿ ಬೇರೊಂದು ರಂಧ್ರವನ್ನು ಕೊರೆದು ಸುಮಾರು 600 ಅಡಿ ಉದ್ದದ ಶಿಲಾದಂಡವನ್ನು ಹೊರತೆಗೆದರು. ಅದರಲ್ಲಿ ಜಲಭೇದನದಿಂದ ಉಂಟಾದ ಸೀಳುಗಳು ಏಳುನೂರಕ್ಕೂ ಹೆಚ್ಚು ಕಂಡುವು. ಒಂದು ಸೀಳು ಹೋಗಿರುವುದೆಂದು ಚಿತ್ರ ಬರೆಯುತ್ತಿದ್ದ ಕಡೆ ಒತ್ತೊತ್ತಾಗಿ ಸೀಳುಗಳ ಹಿಂಡೇ ಇದ್ದಿತು. ಆದರೆ ಮರಳು ಹೊಕ್ಕು ನಿಂತಿದ್ದುದು ಕೆಲವೇ ಎಡೆಗಳಲ್ಲಿ. ಸೀಳಿದ ಶಿಲೆ ಬಹಳ, ಆಪು ಬಿದ್ದದ್ದು ಸ್ವಲ್ಪ. ವ್ಯಯಿಸಿದ ನೀರು, ಮರಳು, ಇಂಧನಗಳಲ್ಲಿ ಎಷ್ಟು ಭಾಗ ವ್ಯರ್ಥವೆಂಬುದನ್ನು ಈ ದಂಡವೊಂದೇ ಹೇಳುವಂತಿದೆ.

ಸಣ್ಣ ಕಣಕ್ಕೆ ಮತ್ತೊಂದು ಗುಣವುಂಟು; ಅದು ನೀರಿನಲ್ಲಿ ಬೇಗನೆ ಮುಳುಗದು. ಹಿಂದೆ ಮರಳನ್ನು ತೇಲಿಸಿಕೊಂಡು ಹೋಗಲು ನೀರಿಗೆ ಗೋರಿಕಾಯಿಯ ಬೀಜದ ಹಿಟ್ಟನ್ನು ಬೆರೆಸಿ ಅಂಟಿನಂತೆ ಮಂದಮಾಡುತ್ತಿದ್ದರು. ಉತ್ತರ ಕರ್ನಾಟಕದವರು ಚವಳಿಕಾಯಿಯೆಂದು ಪಲ್ಯಮಾಡುವುದು ಇದನ್ನೇ. ಲೋಕದ ಗೋರಿಬೀಜದಲ್ಲಿ ಬಹುಪಾಲು ನಮ್ಮ ದೇಶದ್ದು, ಅದರಲ್ಲಿಯೂ ರಾಜಸ್ಥಾನದ್ದು. ಅಮೆರಿಕದ ಬೇಡಿಕೆಯಿಂದ 2012ರಲ್ಲಿ ಇದರ ಬೆಲೆ ಆಕಾಶಕ್ಕೇರಿ, ವಾಯಿದೆ ವ್ಯಾಪಾರವನ್ನೇ ನಿಲ್ಲಿಸಬೇಕಾಗಿ ಬಂದಿತು. ಆದರೆ ಟೆಕ್ಸಾಸಿನ ಬಾರ್ನೆಟ್ ಶೇಲಿನಲ್ಲಿ 1981ರಿಂದ ಪ್ರಯತ್ನಿಸುತ್ತಿದ್ದ ಜಾರ್ಜ್ ಮಿಚೆಲ್ಲನ ಕಂಪೆನಿಯವರು 1997-98ರಲ್ಲಿ ಅಂಟನ್ನು ಬಿಟ್ಟು, ಘರ್ಷಣೆಯನ್ನು ತಗ್ಗಿಸುವ ಮದ್ದನ್ನು ಸ್ವಲ್ಪವೇ ಸೇರಿಸಿದ ತೆಳುನೀರಿನಿಂದ ಸೀಳಿ ಜಯಶಾಲಿಗಳಾದರು. ಅಂದಿನಿಂದ ಶೇಲಿನ ಕೆಲಸದಲ್ಲಿ ತೆಳುನೀರಿನದೇ ಮೇಲುಗೈ. ತೆಳುನೀರು ಕಿರಿದಾದ ಬಿರುಕುಗಳಿಗೆ ಸುಲಭವಾಗಿ ಹೋಗುವುದು. ಮರಳನ್ನು ಹೊರುವುದು ಮಾತ್ರ ಅದಕ್ಕೆ ಕಷ್ಟ. 0.6 ಮಿಲಿಮೀಟರಿನ ಮರಳುಕಣವು ನಿಂತ ನೀರಿನಲ್ಲಿ ಕ್ಷಣಕ್ಕೆ ಸುಮಾರು 8 ಸೆಂಟಿಮೀಟರು ಇಳಿಯುವುದು. 30 ಮೀಟರು ಎತ್ತರದ ಸೀಳಿನ ತಳವನ್ನು ಆರೇಳು ನಿಮಿಷಗಳಲ್ಲಿ ಸೇರುವುದು. 1851ರಲ್ಲಿ ಸ್ಟೋಕ್ಸನು ಕಂಡ ನಿಯಮದಂತೆ ಸೂಕ್ಷ್ಮಕಣದ ಪತನವೇಗವು ಅಡ್ಡಳತೆಯ ವರ್ಗಕ್ಕೆ ಅನುಗುಣವಾದುದು. 30 ಮೈಕ್ರಾನಿನ ಕಣಕ್ಕೆ ಲೆಕ್ಕ ಹಾಕಿದರೆ ಕ್ಷಣಕ್ಕೆ ಸುಮಾರು 0.8 ಮಿಲಿಮೀಟರು ಬರುವುದು. ಅದೇ 30 ಮೀಟರನ್ನು ಇಳಿಯಲು ಇದಕ್ಕೆ ಹತ್ತು ಗಂಟೆ ಬೇಕು. ಆಳದ ಬಿಸಿನೀರು ಇನ್ನೂ ತೆಳುವಾದುದರಿಂದ ವೇಗವು ಕೊಂಚ ಹೆಚ್ಚಿದರೂ, ಪಂಪು ನಡೆಯುವ ಒಂದೆರಡು ಗಂಟೆಗಳಲ್ಲಿ ಕಣವು ನೀರಿನ ಸಂಗಡವೇ ಹೋಗುವುದೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಪೂರ್ವಪಕ್ಷವು ಏಳುವುದು. ಹಿಟ್ಟಿನಂಥ ಕಣಗಳನ್ನು ತುಂಬಿದರೆ ದಾರಿ ತೆರೆಯುವ ಬದಲು ಮುಚ್ಚಿಹೋಗದೆ? ಕಣಗಳ ರಾಶಿಯ ಪಾರಗಮ್ಯತೆಯೂ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿಯೇ ಕುಂದುವುದು; 0.6 ಮಿಲಿಮೀಟರಿನಿಂದ 30 ಮೈಕ್ರಾನಿಗೆ ಇಳಿದರೆ ನಾನೂರನೆಯ ಒಂದು ಪಾಲಾಗುವುದು. ಇದು ಸತ್ಯವೇ. ಆದರೆ ನಾನೂರರ ಒಂದು ಪಾಲೆಂಬುದು ಯಾವುದರ ಪಾಲೆಂದು ಕೇಳಬೇಕು. ಕೋಝೆನಿ, ಕಾರ್ಮನ್ ಎಂಬವರ ಸೂತ್ರದಂತೆ ಗುಣಿಸಿದರೆ, ನೂರಕ್ಕೆ ನಾಲ್ವತ್ತು ಪಾಲು ಎಡೆಯುಳ್ಳ 30 ಮೈಕ್ರಾನಿನ ಕಣರಾಶಿಗೆ ಸುಮಾರು ಒಂದು ಡಾರ್ಸಿ ಪಾರಗಮ್ಯತೆ ಬರುವುದು. ಸುತ್ತಣ ಶೇಲಿನದು ಡಾರ್ಸಿಯ ಕೋಟಿಯ ಒಂದು ಪಾಲು. ಹಿಟ್ಟೆಂದು ನಾವು ಹಳಿದದ್ದು ಕಲ್ಲಿಗಿಂತ ಕೋಟಿಪಾಲು ಸರಾಗ! 0.1 ಮಿಲಿಮೀಟರು ಅಗಲದ, 30 ಮೀಟರು ಉದ್ದದ ಕವಲನ್ನು ತೆಗೆದುಕೊಂಡು, ಕವಲಿನ ವಾಹಕತೆಯನ್ನು ಶಿಲೆಯ ಪಾರಗಮ್ಯತೆ ಮತ್ತು ಕವಲಿನ ಉದ್ದ ಇವುಗಳ ಗುಣಲಬ್ಧದಿಂದ ಭಾಗಿಸಿದರೆ 33 ಬರುವುದು. ಈ ಭಾಗಲಬ್ಧವು 30ನ್ನು ಮೀರಿದರೆ ಕವಲಿನಲ್ಲಿ ಪ್ರತಿಬಂಧವೇ ಇಲ್ಲವೆಂದು ಭಾವಿಸಬಹುದೆಂಬುದು ಎಂಜಿನಿಯರರ ವಾಡಿಕೆ. ದೊಡ್ಡ ಸೀಳಿನ ಅಳತೆಗೋಲನ್ನು ಕವಲಿಗೆ ಹಿಡಿದುದೇ ಪೂರ್ವಪಕ್ಷದ ದೋಷ. ಒಳ್ಳೆಯ ಪಾರಗಮ್ಯತೆಯುಳ್ಳ ಶಿಲೆಯಲ್ಲಿ ಈ ಸಮಾಧಾನವು ನಿಲ್ಲದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಲ್ಲಿ ದೊಡ್ಡ ಕಣವೇ ಬೇಕು.

ಕವಲು ತುಂಬುವಂತೆ ಕಣಗಳನ್ನು ಕಿಕ್ಕಿರಿಯಿಸಬೇಕೆಂಬ ನಿಯಮವೂ ಇಲ್ಲ. ಡಾರಿನ್, ಹ್ಯೂಟ್ ಎಂಬಿಬ್ಬರು 1960ರಲ್ಲಿಯೇ ತೋರಿಸಿದಂತೆ, ಕಣಗಳು ಒಂದೇ ಪದರಾಗಿ ಅಲ್ಲೊಂದು ಇಲ್ಲೊಂದು ನಿಂತರೆ ಅವುಗಳ ನಡುವಣ ಬಯಲಿನಲ್ಲಿ ದ್ರವವು ತುಂಬಿದ ರಾಶಿಯೊಳಗಿಗಿಂತ ಸರಾಗವಾಗಿ ಹರಿಯುವುದು. ಕಂಬಗಳ ಮಂಟಪದಲ್ಲಿ ನಡೆದಾಡುವುದಕ್ಕೂ ಉಗ್ರಾಣದ ಮೂಟೆಗಳ ನಡುವೆ ನುಸುಳುವುದಕ್ಕೂ ಇರುವ ಭೇದವೇ ಇಲ್ಲಿಯೂ ಇದೆ. 30 ಮೈಕ್ರಾನು ತೆರೆದ ಬಯಲುಸಂದಿನ ವಾಹಕತೆಯು, ಕಣಗಳಿಂದ ತುಂಬಿದ 0.1 ಮಿಲಿಮೀಟರಿನ ಕವಲಿಗಿಂತ ಸುಮಾರು ಇಪ್ಪತ್ತು ಪಾಲು ಹೆಚ್ಚು. ಆದರೆ ಈ ಮಂಟಪಕ್ಕೆ ಎಷ್ಟು ಕಂಬಗಳು ಬೇಕು? ಸೂಕ್ಷ್ಮವಾದ ವಿಷಯವಿರುವುದು ಇಲ್ಲಿ.

30 ಮೈಕ್ರಾನಿನ ಸ್ಫಟಿಕಶಿಲೆಯ ಗುಂಡುಗಳು ಒಂದು ಕಿಲೋಗ್ರಾಮಿಗೆ ಸುಮಾರು 2,700 ಕೋಟಿ ಆಗುವುವು, 0.6 ಮಿಲಿಮೀಟರಿನವಾದರೆ ಬರಿಯ 33 ಲಕ್ಷ. ಒಂದೊಂದು ಕಣವನ್ನೂ ಹತ್ತು ಅಡ್ಡಳತೆಗಳ ಅಂತರದಲ್ಲಿ ನಿಲ್ಲಿಸಿದರೆ ಒಂದೇ ಕಿಲೋಗ್ರಾಮು 2,400 ಚದರ ಮೀಟರು, ಎಂದರೆ ಅರ್ಧ ಎಕರೆಗೂ ಮಿಗಿಲಾದ ಸೀಳನ್ನು ಹೊರಬೇಕಾಗುವುದು. ಕೇಳಲು ಚೆಲುವಾಗಿದೆ. ಆದರೆ ಸೀಳನ್ನು ಮುಚ್ಚುವ ಒತ್ತಡದಲ್ಲಿ ಒಳಗಿನ ದ್ರವದ ಒತ್ತಡವನ್ನು ಕಳೆದು, ಚದರ ಸೆಂಟಿಮೀಟರಿಗೆ 120 ಕಿಲೋಗ್ರಾಮು ಉಳಿಯಿತೆಂದು ಇಟ್ಟುಕೊಂಡರೆ, ಹತ್ತು ಅಡ್ಡಳತೆಗೊಂದರಂತೆ ನಿಂತ ಕಣದ ಮೇಲೆ ಚದರ ಸೆಂಟಿಮೀಟರಿಗೆ 15,000 ಕಿಲೋಗ್ರಾಮಿನ ಪ್ರಮಾಣದಲ್ಲಿ ಭಾರ ಬೀಳುವುದು. ಜೇಡಿ ಬೆರೆತ ಶೇಲು ಇದನ್ನು ತಡೆಯದು. ಕಣವು ಹಸಿಗೋಡೆಯಲ್ಲಿ ಬೆರಳಿಟ್ಟಂತೆ ಕಲ್ಲಿನಲ್ಲಿ ಹೂತುಹೋಗುವುದು. ಮೂರು ಅಡ್ಡಳತೆಗೊಂದರಂತೆ ನಿಲ್ಲಿಸಿದರೆ ಭಾರವು ಸುಮಾರು 1,400ಕ್ಕೆ ಇಳಿಯುವುದು, ಒಂದು ಕಿಲೋಗ್ರಾಮು 220 ಚದರ ಮೀಟರನ್ನು ಹೊರುವುದು. ಇದು ನಿಲ್ಲತಕ್ಕ ಲೆಕ್ಕ. ಹೂಳಿಕೆಯಿಂದ ಸಂದು ಅರ್ಧಕ್ಕೆ ಇಳಿದರೆ ಹರಿವು ಎಂಟನೆಯ ಒಂದು ಪಾಲಾಗುವುದು, ಏಕೆಂದರೆ ಸಂದಿನಲ್ಲಿ ಹರಿವು ಅಗಲದ ಘನಕ್ಕೆ ಅನುಗುಣವಾದುದು. ಆದರೂ ಮೇಲೆ ಹೇಳಿದ ತುಂಬಿದ ಕವಲಿಗಿಂತ ಎರಡು ಪಾಲಿಗೂ ಹೆಚ್ಚಾಗಿಯೇ ಉಳಿಯುವುದು. ದೊಡ್ಡ ಕಣಕ್ಕೆ ಹತ್ತಿಪ್ಪತ್ತು ಮೈಕ್ರಾನು ಹೂತುಹೋದರೆ ನಷ್ಟವಿಲ್ಲ; ಸಣ್ಣ ಕಣಕ್ಕೆ ಅದೇ ಸರ್ವನಾಶ. ಆದುದರಿಂದ ಸೂಕ್ಷ್ಮಕಣಗಳು ಗಟ್ಟಿಯಾದ, ಜೇಡಿ ಕಡಿಮೆಯಾದ ಶಿಲೆಯಲ್ಲಿ ಫಲಕೊಡುವುವು, ಮೆತ್ತನೆಯದರಲ್ಲಿ ಕೊಡಲಾರವೆಂದು ನಾನು ಭಾವಿಸುತ್ತೇನೆ. ಒಡೆಯುವಿಕೆಯ ಭಯವು ಇಷ್ಟಿಲ್ಲ. ಕಣವು ಚಿಕ್ಕದಾದಷ್ಟೂ ಅದರೊಳಗೆ ಬಿರುಕಿನಂಥ ದೋಷಗಳು ಕಡಿಮೆಯಾಗಿ ಗಟ್ಟಿತನವು ಹೆಚ್ಚುವುದೆಂಬುದು ಪರೀಕ್ಷೆಗಳಿಂದ ತಿಳಿದ ವಿಷಯ.

ಪೂರ್ವಪಕ್ಷಿಯ ಮತ್ತೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಕೂಪವು ಹರಿಯತೊಡಗಿದಾಗ ಪ್ರವಾಹವು ಹಿಂದಿರುಗುವುದಷ್ಟೆ. ಆಗ ಈ ನುಣ್ಣನೆಯ ಕಣಗಳು ಕವಲಿನಿಂದ ತೇಲಿಬಂದು ದೊಡ್ಡ ಸೀಳಿನ ಮರಳಿನ ಎಡೆಗಳಲ್ಲಿ ಸಿಕ್ಕಿ, ಹೆದ್ದಾರಿಯನ್ನೇ ಕಟ್ಟಿಬಿಡಲಾರವೆ? ಮರಳು ಒಡೆದು ಉಂಟಾಗುವ ನುಚ್ಚಿನಿಂದ ಹೀಗಾಗುವುದನ್ನು ಎಂಜಿನಿಯರರು ಬಹುಕಾಲದಿಂದ ಬಲ್ಲರು. ಇದಕ್ಕೆ ಉತ್ತರವು ದೊಡ್ಡ ಸೀಳಿನಲ್ಲಿರುವ ಮರಳಿನ ಗಾತ್ರವನ್ನು ಅವಲಂಬಿಸಿದೆ. ಮಣ್ಣಿನ ಅಣೆಕಟ್ಟುಗಳನ್ನು ಕಟ್ಟುವವರು ಟೆರ್ಝಾಘಿಯ ನಿಯಮವನ್ನು ಅನುಸರಿಸಿ, ಸೋಸುಮರಳು ತಾನು ತಡೆಯಬೇಕಾದ ಮಣ್ಣಿಗಿಂತ ಸುಮಾರು ನಾಲ್ಕೈದು ಪಾಲಿಗೆ ಹೆಚ್ಚು ದಪ್ಪನಾಗಿರದಂತೆ ನೋಡಿಕೊಳ್ಳುವರು. 0.6 ಮಿಲಿಮೀಟರಿನ ಮರಳು 30 ಮೈಕ್ರಾನಿನ ಕಣಕ್ಕಿಂತ ಇಪ್ಪತ್ತು ಪಾಲು ದಪ್ಪ. ಅದು ಕಣವನ್ನು ಒಳಕ್ಕೆ ಬಿಟ್ಟುಕೊಂಡು ಆಮೇಲೆ ಎಲ್ಲಿಯೋ ಕಟ್ಟಿಕೊಳ್ಳುವುದು. 0.15 ಮಿಲಿಮೀಟರಿನ ನೂರರ ಮರಳಾದರೆ ಐದೇ ಪಾಲು. ಕವಲಿನ ಬಾಯಲ್ಲಿಯೇ ಕಣಗಳನ್ನು ತಡೆದು ನಿಲ್ಲಿಸುವುದು. ಎಂದರೆ ಸೂಕ್ಷ್ಮಕಣವನ್ನು ಸ್ವೀಕರಿಸಿದವನು ಅದರ ಹಿಂದೆ ಬರುವ ಮರಳನ್ನೂ ತಕ್ಕಮಟ್ಟಿಗೆ ಸಣ್ಣದಾಗಿಸಬೇಕು. ಒಂದನ್ನು ಬದಲಾಯಿಸಿ ಮತ್ತೊಂದನ್ನು ಹಾಗೆಯೇ ಬಿಟ್ಟರೆ ಆಕ್ಷೇಪವು ನಿಜವಾಗುವುದು. ಪೆರ್ಮಿಯನ್ ಪ್ರದೇಶದಲ್ಲಿ ಹೇಗಿದ್ದರೂ ನೂರರ ಮರಳೇ ಬಳಕೆಗೆ ಬಂದಿದೆ. 2017ರಿಂದ ಪಶ್ಚಿಮ ಟೆಕ್ಸಾಸಿನ ಕರ್ಮಿಟ್ ಎಂಬೆಡೆಯ ಮರಳುದಿಬ್ಬಗಳನ್ನು ಅಗೆದು, ವಿಸ್ಕಾನ್ಸಿನ್ನಿನಿಂದ ರೈಲಿನಲ್ಲಿ ತರುತ್ತಿದ್ದ ಮರಳಿನ ಬದಲು ಅಲ್ಲಿಯ ನುಣುಪು ಮರಳನ್ನೇ ಬಳಸುತ್ತಿದ್ದಾರೆ. ಅಂಥ ದಿಬ್ಬಗಳಲ್ಲಿ ಮಾತ್ರ ಬದುಕುವ ಒಂದು ಜಾತಿಯ ಹಲ್ಲಿಯನ್ನು 2024ರಲ್ಲಿ ಅಲ್ಲಿಯ ಸರ್ಕಾರವು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಪ್ರಯೋಗದ ಕ್ರಮವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಸೀಳನ್ನು ತೆರೆಯಲು ಮೊದಲು ಕಳುಹಿಸುವ ಬರಿನೀರಿನಲ್ಲಿಯೇ ಸೂಕ್ಷ್ಮಕಣಗಳನ್ನು ಬಹಳ ತೆಳುವಾಗಿ ಬೆರೆಸುವರು. ಅವು ಮುಂದಾಗಿ ಹೋಗಿ ಕವಲುಗಳನ್ನು ಸೇರಿದ ಮೇಲೆ ದಪ್ಪಮರಳನ್ನು ಬಿಡುವರು. ಕ್ರಮವು ತಿರುಗಿದರೆ ಫಲವಿಲ್ಲ. ಕವಲುಗಳ ಮೂಲಕ ನೀರು ಸೋರಿಹೋಗುವುದನ್ನು ಇವು ಸ್ವಲ್ಪ ತಡೆಯುವುದೂ ಉಂಟು; ಇದರಿಂದ ದೊಡ್ಡ ಸೀಳು ಮುಂದಕ್ಕೆ ಬೆಳೆಯುವುದು.

ಫಲವು ಕಂಡಿದೆಯೆ? ಬಾರ್ನೆಟ್ ಶೇಲಿನಲ್ಲಿಯೂ ಓಕ್ಲಹೋಮದ ವುಡ್‌ಫರ್ಡ್ ಶೇಲಿನಲ್ಲಿಯೂ 2010ರ ದಶಕದಲ್ಲಿ ನಡೆದ ಪ್ರಯೋಗಗಳನ್ನು ಪೆಟ್ರೋಲಿಯಂ ಎಂಜಿನಿಯರರ ಸಂಘದ ಸಭೆಗಳಲ್ಲಿ ಮಂಡಿಸಲಾಗಿದೆ. ಸೂಕ್ಷ್ಮಕಣಗಳನ್ನು ಪಡೆದ ಕೂಪಗಳು ನೆರೆಯ ಕೂಪಗಳಿಗಿಂತ ಹೆಚ್ಚಾಗಿ ಕೊಟ್ಟುವೆಂಬುದು ಅವುಗಳ ಸಾರ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಸಿದ್ಧಾಂತವೆಂದು ಒಪ್ಪುವುದಕ್ಕೂ ಮನಸ್ಸು ಬಾರದು. ಎರಡು ಕೂಪಗಳು ಪಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಅವುಗಳ ಶಿಲೆ ಒಂದೇ ಆಗುವುದಿಲ್ಲ. ಒಂದೇ ಹಳ್ಳಿಯ ಎರಡು ಬಾವಿಗಳಲ್ಲಿ ಒಂದು ಸಿಹಿ ಒಂದು ಸಪ್ಪೆಯಾಗಿರುವುದನ್ನು ಯಾರು ಕಂಡಿಲ್ಲ? ಇಂಥ ಕಡೆ ಕೆಲವೇ ಕೂಪಗಳ ಹೋಲಿಕೆಯಿಂದ ಕಾರಣವನ್ನು ನಿಶ್ಚಯಿಸಹೊರಟರೆ ತರ್ಕಶಾಸ್ತ್ರದಲ್ಲಿ ಹೇಳುವ ಅನ್ಯಥಾಸಿದ್ಧಿಯ ದೋಷವು ಬರುವುದು, ಎಂದರೆ ಕಾರ್ಯವು ಬೇರೊಂದು ಕಾರಣದಿಂದಲೇ ಆಗಿರಬಹುದಾದೆಡೆಯಲ್ಲಿ ಇದೇ ಕಾರಣವೆಂದು ಭ್ರಮಿಸುವುದು. ಇಂಥ ವರದಿಗಳನ್ನು ಬರೆಯುವವರಲ್ಲಿ ಕಣವನ್ನು ಮಾರುವ ಪಕ್ಷದವರೂ ಇರುವುದುಂಟೆಂಬುದನ್ನು ಮರೆಯಬಾರದು. ರೇಗನ್ ಕೌಂಟಿಯಲ್ಲಿ ತೆಗೆದಂಥ ಶಿಲಾದಂಡವನ್ನು ಸೂಕ್ಷ್ಮಕಣಗಳನ್ನು ಕಳುಹಿಸಿದ ಸೀಳುಗಳಿಂದಲೂ ತೆಗೆದು, ಕಣವು ಕವಲಿನಲ್ಲಿ ನಿಂತಿರುವುದನ್ನು ಕಣ್ಣಿಗೆ ತೋರಿಸಿದರೆ ಅರ್ಧ ವಿವಾದವು ಅಲ್ಲಿಯೇ ಮುಗಿಯುವುದು.

ಕೊನೆಯದಾಗಿ, ಕೂಪದ ಬಾಯಿಯ ಬಳಿ ನಿಂತು ಕೆಲಸಮಾಡುವ ಮನುಷ್ಯನ ವಿಚಾರ. ಸ್ಫಟಿಕರೂಪದ ಸಿಲಿಕದ ಧೂಳಿಯು, ಹತ್ತು ಮೈಕ್ರಾನಿಗಿಂತ ಕಿರಿದಾಗಿ, ಅದರಲ್ಲಿಯೂ ನಾಲ್ಕೈದು ಮೈಕ್ರಾನಾಗಿದ್ದರೆ, ಉಸಿರಿನೊಡನೆ ಶ್ವಾಸಕೋಶದ ತುದಿಯನ್ನು ಸೇರಿ ಅಲ್ಲಿಯೇ ನಿಂತು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುವುದು. ಇದು ನಮಗೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಮನೆಗಳಲ್ಲಿ ಈ ರೋಗದ ಹೆಸರನ್ನು ಕೇಳದವರಿಲ್ಲ. ಜಲಭೇದನದ ಸ್ಥಳಗಳಲ್ಲಿಯೂ ಇದೇ ಅಪಾಯವುಂಟೆಂದು ಅಮೆರಿಕದ ಸರ್ಕಾರದ ಸಂಸ್ಥೆಗಳು 2012ರಲ್ಲಿ ಎಚ್ಚರಿಕೆಯನ್ನು ಹೊರಡಿಸಿದುವು. ಐದು ಸಂಸ್ಥಾನಗಳ 11 ಸ್ಥಳಗಳಲ್ಲಿ ತೆಗೆದ 116 ವಾಯುಪರೀಕ್ಷೆಗಳಲ್ಲಿ ನೂರಕ್ಕೆ 79ರಲ್ಲಿ ಧೂಳಿಯು ಅಲ್ಲಿಯ ಆರೋಗ್ಯಸಂಸ್ಥೆ ಸೂಚಿಸಿದ ಮಿತಿಯನ್ನು ಮೀರಿತ್ತು. 2016ರ ನಿಯಮವು ಒಂದು ಘನಮೀಟರು ಗಾಳಿಯಲ್ಲಿ 50 ಮೈಕ್ರೋಗ್ರಾಮಿಗೆ ಮಿತಿಯನ್ನು ಗೊತ್ತುಮಾಡಿದೆ. ಮರಳನ್ನೇ ಹಿಟ್ಟುಮಾಡಿ ಸೂಕ್ಷ್ಮಕೀಲಕಣವೆಂದು ಬಳಸಹೊರಟರೆ ಈ ಅಪಾಯವು ಇಮ್ಮಡಿಯಾಗುವುದೆಂದು ಹೇಳಲು ವೈದ್ಯನೇ ಬೇಕಾಗಿಲ್ಲ. ಆದುದರಿಂದ ಸ್ಫಟಿಕರೂಪವಲ್ಲದ, ಗಾಜಿನಂಥ ಅಥವಾ ಸೆರಾಮಿಕ್ಕಿನ ಗುಂಡುಗಳನ್ನೇ ಆರಿಸಿಕೊಂಡು, ಒಣಪುಡಿಯಾಗಿ ಸುರಿಯದೆ ನೀರಿನಲ್ಲಿ ಕಲಸಿಯೇ ಸಾಗಿಸುವುದು ಯುಕ್ತವೆಂದು ತೋರುತ್ತದೆ. ಕಲ್ಲಿದ್ದಲನ್ನು ಉರಿಸುವ ವಿದ್ಯುದಾಗಾರಗಳ ಹಾರುಬೂದಿಯಲ್ಲಿ ಇದೇ ಗಾತ್ರದ ಗಾಜಿನಂಥ ಗುಂಡುಗಳು ಹೇರಳವಾಗಿರುವುವು. ಅವುಗಳನ್ನು ಕೀಲಕಣಗಳಾಗಿ ಬಳಸಬಹುದೆ ಎಂದು ಸಂಶೋಧಕರು ಪರೀಕ್ಷಿಸಿದ್ದಾರೆ. ನಮ್ಮ ರಾಯಚೂರು, ಬಳ್ಳಾರಿಗಳ ವಿದ್ಯುದಾಗಾರಗಳ ಬೂದಿಯೂ ಈ ಜಾತಿಯದೇ. ಆದರೆ ಹಾರುಬೂದಿಯಲ್ಲಿ ಸ್ವಲ್ಪ ಸ್ಫಟಿಕಸಿಲಿಕವೂ ಆರ್ಸೆನಿಕ್ ಮೊದಲಾದ ವಿಷಧಾತುಗಳೂ ಇರುವುದರಿಂದ, ಅಂಥ ಬೂದಿಯನ್ನು ನೆಲದೊಳಕ್ಕೆ ಒತ್ತುವ ಮುನ್ನ ಅದರಿಂದ ನೀರಿಗೆ ಏನೇನು ಕರಗಿಬರುವುದೆಂಬುದನ್ನು ಪ್ರತಿಯೊಂದು ಕಡೆಯ ಬೂದಿಗೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕಾಗುವುದು.